ಫುಲ್ಲರ್ ಮನೆಗೆ ಬಂದ ಅಳಿಯ

ನನಗೆ ಇಂಗ್ಲಿಷ್ ಬರುತ್ತದೆ ಎಂಬ ಅಪವಾದ ಹಿಂದೂಪುರದಲ್ಲಿ ಹಬ್ಬಿಹೋಗಿತ್ತು. ಹೈಸ್ಕೂಲಿನಲ್ಲಿ ಚರಿತ್ರೆ ಮತ್ತು ಇಂಗ್ಲಿಷ್ ಪಾಠ ಮಾಡುತ್ತಿದ್ದೆನೆಂಬುದು ನಿಜ. ಅದಕ್ಕೂ ಇಂಗ್ಲಿಷ್ ಬರುವುದಕ್ಕೂ ಸಂಬಂಧವಿಲ್ಲವೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದ್ದರೆ ಅವರೇ ಹೇಳುತ್ತಿದ್ದರು. ಅಪವಾದಕ್ಕೆ ಕಾರಣ ನಾನು ಬರೆದುಕೊಡುತ್ತಿದ್ದ ಅರ್ಜಿಗಳು. ಬೆಲ್ಲದ ಮಂಡಿಯವರಿಂದ ಹಿಡಿದು ಯುದ್ಧದಲ್ಲಿ ತೀರಿಹೋದ ಸಿಪಾಯಿಗಳ ಹೆಂಡಂದಿರವರೆಗೆ ಎಲ್ಲರೂ ನನ್ನ ಜಗಲಿಗೆ ಬಂದು ಕೂರುತ್ತಿದ್ದರು. ಚಿಕ್ಕದಾಗಿ ಬರೆದರೆ ಸರ್ಕಾರಕ್ಕೆ ಅಗೌರವ ತೋರಿದಂತೆ ಎಂಬುದು ನನ್ನ ಸಿದ್ಧಾಂತ. ಮೂರು ಸಾಲಿನ ಮನವಿಯನ್ನು ಮೂರು ಪುಟಕ್ಕೆ ಎಳೆದು, ಕಡೆಯಲ್ಲಿ ‘ತಮ್ಮ ಅತ್ಯಂತ ವಿಧೇಯ’ ಎಂದು ಬರೆದು ಹೆಬ್ಬೆಟ್ಟು ಒತ್ತಿಸುವಷ್ಟರಲ್ಲಿ ಬಂದವರ ಕಷ್ಟಕ್ಕೇ ಒಂದು ಘನತೆ ಬಂದುಬಿಡುತ್ತಿತ್ತು. ಆ ಘನತೆಯಿಂದ ಎಷ್ಟು ಜನ ಬದುಕಿದರೋ ತಿಳಿಯದು. ಒಬ್ಬರು ಮುಳುಗಿದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಅವರು ನಮ್ಮ ರೈಲ್ವೆ ಸ್ಟೇಷನ್ನಿನ ಸಣ್ಣ ಮಾಸ್ತರರು, ಅಂದರೆ ಅಸಿಸ್ಟೆಂಟ್ ಸ್ಟೇಷನ್ ಮಾಸ್ತರ್. ಮನೆತನದ ಹೆಸರು ಫುಲ್ಲರ್. ಇಟ್ಟ ಹೆಸರು ಬೇರೆ ಇತ್ತು. ಅದನ್ನು ಕರೆಯುತ್ತಿದ್ದವರು ಅವರ ಹೆಂಡತಿ ಒಬ್ಬರೇ ಆದ್ದರಿಂದ ಅದು ನನಗೆ ಬೇಡ. ಊರವರ ಬಾಯಲ್ಲಿ ಅವರು ‘ದೊರೆ’, ಅವರ ಹೆಂಡತಿ ‘ದೊರೆಸಾನಿ’. ಈ ದೊರೆಯ ಮೈಬಣ್ಣ ನನ್ನದಕ್ಕಿಂತ ಒಂದು ಪಾಲು ಕಪ್ಪೇ. ತಲೆಯ ಮೇಲೆ ಸೋಲಾ ಟೋಪಿ, ಕಾಲಿಗೆ ಬೂಟು, ಬಾಯಿ ಬಿಟ್ಟರೆ ನಮ್ಮ ಸಂತೆಯ ಕನ್ನಡ. ಸಂಜೆ ಪ್ಯಾಸೆಂಜರ್ ಹೋದಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನಾವಿಬ್ಬರೂ ಹುಣಸೆ ಮೂಟೆಗಳ ವಾಸನೆ ಕುಡಿಯುತ್ತಾ ಕೂರುವುದು ಹತ್ತು ವರ್ಷದ ಅಭ್ಯಾಸ. ಅವರಿಗೆ ಮಕ್ಕಳಿರಲಿಲ್ಲ. ನನಗಿದ್ದರು, ಆದ್ದರಿಂದ ಬೆಂಚಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದೆ.

ಸ್ವಾತಂತ್ರ್ಯ ಬಂದಿತು. ಊರಿಗೆಲ್ಲ ಬಂದದ್ದು ರೈಲ್ವೆ ಕ್ವಾರ್ಟರ್ಸಿಗೆ ಬೇರೆ ರೀತಿಯಲ್ಲಿ ಬಂದಿತು. ಗುಂತಕಲ್ಲು, ಧರ್ಮಾವರಗಳಲ್ಲಿದ್ದ ಅವರ ಪೈಕಿಯ ಆಂಗ್ಲೋ-ಇಂಡಿಯನ್ ಮನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಒಂದು ಮನೆಯವರು ಪಿಯಾನೋ ಮಾರಿದರು, ಇನ್ನೊಂದು ಮನೆಯವರು ನಾಯಿಯನ್ನು ಯಾರಿಗೋ ಒಪ್ಪಿಸಿದರು. ಎಲ್ಲರೂ ಇಂಗ್ಲೆಂಡಿಗೆ ಹಡಗು ಹತ್ತಿದರು. ದೊರೆಸಾನಿಯ ಇಬ್ಬರು ಅಕ್ಕಂದಿರು ಮುದಿ ತಾಯಿಯನ್ನೂ ಕರೆದುಕೊಂಡು ಮೊದಲೇ ಹೋಗಿಬಿಟ್ಟಿದ್ದರು. ಅಲ್ಲಿಯ ಚಳಿಗೆ ತಾಯಿ ಹಾಸಿಗೆ ಹಿಡಿದರು. ‘ನೀನೂ ಬಾ, ಅಮ್ಮ ನಿನ್ನ ಹೆಸರೇ ಹಿಡಿದು ಕರೆಯುತ್ತಾಳೆ’ ಎಂದು ಕಾಗದದ ಮೇಲೆ ಕಾಗದ.

ಹೋಗಲು ಒಂದು ಪತ್ರ ಬೇಕಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದವನೊಬ್ಬನ ಸಂತತಿ ತಾನು ಎಂದು ತೋರಿಸಿದವರನ್ನು ಮದ್ರಾಸಿನ ಕಚೇರಿ ಬ್ರಿಟಿಷ್ ಪ್ರಜೆಯೆಂದು ದಾಖಲು ಮಾಡಿಕೊಳ್ಳುತ್ತಿತ್ತು. ಸಂತತಿ ಗಂಡು ಸಾಲಿನಲ್ಲೇ ಇಳಿದು ಬಂದಿರಬೇಕು: ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ. ದೊರೆಸಾನಿಗೆ ಅದು ಸುಲಭವಾಯಿತು. ಅವರ ತಂದೆಯ ತಂದೆ ಇಂಗ್ಲೆಂಡಿನಿಂದ ಬಂದ ಎಂಜಿನ್ ಡ್ರೈವರು, ಚರ್ಚಿನ ಪುಸ್ತಕದಲ್ಲಿ ಕಪ್ಪು ಶಾಯಿಯಲ್ಲಿದ್ದರು. ಆಕೆಯ ಪತ್ರ ಬಂದುಬಿಟ್ಟಿತು. ಇನ್ನು ಗಂಡನದು ಬಂದರೆ ಇಬ್ಬರೂ ಒಟ್ಟಿಗೆ ಹಡಗು ಹತ್ತುವುದು. ಬರದಿದ್ದರೆ ಏನು ಎಂಬ ಪ್ರಶ್ನೆಯನ್ನು ಮೂವರಲ್ಲಿ ಯಾರೂ ಎತ್ತಲಿಲ್ಲ. ಗಂಡನ ಹೆಸರಿನಿಂದ ಹೆಂಡತಿ ಬ್ರಿಟಿಷಳಾಗಬಹುದು, ಹೆಂಡತಿಯ ಹೆಸರಿನಿಂದ ಗಂಡ ಆಗಲಾರ ಎಂಬುದನ್ನು ಕಾನೂನಿನಲ್ಲಿ ಓದಿ ಅವರಿಗೆ ತಿಳಿಸಿದವನು ನಾನೇ. ಕೆಟ್ಟ ಸುದ್ದಿಯನ್ನು ಸ್ಪಷ್ಟವಾದ ಉಚ್ಚಾರಣೆಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಬರುತ್ತಿತ್ತು.

“ಬರೀರಿ ಮೇಷ್ಟ್ರೇ. ನಮ್ಮ ಮುತ್ತಾತ ಇಂಗ್ಲೆಂಡಿಂದ ಸರ್ವೇ ಮಾಡಕ್ಕೆ ಬಂದ ಫುಲ್ಲರ್. ನಮ್ಮ ತಾತ ಫುಲ್ಲರ್. ನಮ್ಮಪ್ಪ ಗುಂತಕಲ್ಲಲ್ಲಿ ಲೋಕೋ ಫೋರ್‌ಮನ್ನು ಫುಲ್ಲರ್. ನಾನು ಸಣ್ಣ ಫುಲ್ಲರ್” ಎಂದರು ಸಣ್ಣ ಮಾಸ್ತರರು.

ಇಷ್ಟನ್ನೇ ಬರೆದಿದ್ದರೆ ಆಗುತ್ತಿತ್ತು. ಆದರೆ ಹೆಸರಿನ ಮೂಲವನ್ನು ಶೋಧಿಸದೆ ಹೆಸರನ್ನು ಬರೆಯುವುದು ಚರಿತ್ರೆಯ ಮೇಷ್ಟರಿಗೆ ತಕ್ಕದ್ದಲ್ಲವೆಂದು ನನಗೆ ತೋರಿತು. ಬೆಂಗಳೂರು ದಂಡಿನ ಹಳೆಯ ಪುಸ್ತಕದಂಗಡಿಯಲ್ಲಿ ಇಂಗ್ಲಿಷರ ಮನೆತನದ ಹೆಸರುಗಳ ಮೇಲಿನ ಒಂದು ದಪ್ಪ ಪುಸ್ತಕ ಕೊಂಡು ತಂದೆ. ಅರ್ಧವನ್ನು ಗೆದ್ದಲು ತಿಂದಿತ್ತು. ಪುಣ್ಯಕ್ಕೋ ಪಾಪಕ್ಕೋ ನಮಗೆ ಬೇಕಾದ ಪುಟ ಉಳಿದಿತ್ತು.

ಉಣ್ಣೆಯ ಬಟ್ಟೆ ಮಗ್ಗದಿಂದ ಇಳಿದಾಗ ಜಾಳಾಗಿ, ಜಿಡ್ಡಾಗಿ ಇರುತ್ತದಂತೆ. ಅದನ್ನು ತೊಟ್ಟಿಯಲ್ಲಿ ಹಾಕಿ, ಜೇಡಿಮಣ್ಣು ಕದಡಿ, ಹಳಸಿದ ಮೂತ್ರ ಸುರಿದು, ದಿನವಿಡೀ ಬರಿಗಾಲಲ್ಲಿ ತುಳಿದರೆ ಜಿಡ್ಡು ಬಿಟ್ಟು, ನೂಲು ನೂಲಿಗೆ ಕಚ್ಚಿಕೊಂಡು ಬಟ್ಟೆ ಬಿಗಿಯಾಗುತ್ತದೆ. ಹೀಗೆ ತುಳಿಯುವವನೇ ಫುಲ್ಲರ್. ಇದೇ ಕೆಲಸದವನನ್ನು ಆ ದೇಶದ ಪಡುವಣ ಸೀಮೆಯಲ್ಲಿ ಟಕ್ಕರ್ ಎಂದೂ ಬಡಗಣ ಸೀಮೆಯಲ್ಲಿ ವಾಕರ್ ಎಂದೂ ಕರೆದರು. ಬಹಳ ಹಿಂದೆ ರಾಜನ ಕಡೆಯವರು ತಲೆಗಂದಾಯಕ್ಕಾಗಿ ಜನರ ಪಟ್ಟಿ ಮಾಡಿಸುತ್ತಾ ಹೋದಾಗ, ತೊಟ್ಟಿಯಲ್ಲಿ ನಿಂತಿದ್ದವನ ಕಸುಬನ್ನೇ ಅವನ ಹೆಸರೆಂದು ಬರೆದುಕೊಂಡರು. ಮಗ ತೊಟ್ಟಿಯಿಂದ ಹೊರಗೆ ಬಂದ. ಹೆಸರು ಹೊರಗೆ ಬರಲಿಲ್ಲ. ಆಮೇಲೆ ನೀರಿನ ಯಂತ್ರ ಬಂದು ಮರದ ಕೊಡತಿಗಳು ಬಟ್ಟೆಯನ್ನು ಬಡಿಯತೊಡಗಿದವು, ಕಾಲುಗಳಿಗೆ ಕೆಲಸ ತಪ್ಪಿತು. ಕೆಲಸವಿಲ್ಲದ ಹೆಸರು ಕಂಪನಿಯ ಹಡಗು ಹತ್ತಿ, ಹೊಲ ಅಳೆಯುವ ಸರಪಣಿ ಹಿಡಿದುಕೊಂಡು ನಮ್ಮ ಸೀಮೆಗೆ ಬಂದಿತು.

ಬೆಂಚಿನ ಮೇಲೆ ಕೂತು ಇದನ್ನೆಲ್ಲ ಸಾವಧಾನವಾಗಿ ವಿವರಿಸಿದೆ. ಸಣ್ಣ ಮಾಸ್ತರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

“ಮೂತ್ರ ಅಂದ್ರೆ?”

“ಮೂತ್ರ ಅಂದರೆ ಮೂತ್ರವೇ.”

“ಯಾರ್‍ದು?”

“ಪುಸ್ತಕದಲ್ಲಿ ಅಷ್ಟು ವಿವರವಿಲ್ಲ.”

ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು. “ನಮ್ಮಪ್ಪ ಏನೋ ಕೋಟೆ, ಕತ್ತಿ ಅಂತಿದ್ದ ಕಣ್ರೀ. ಮೇಷ್ಟ್ರೇ, ಇದನ್ನ ದೊರೆಸಾನಿಗೆ ಹೇಳ್ಬ್ಯಾಡಿ.”

ಅವರನ್ನು ಸಮಾಧಾನಪಡಿಸಲು ನನ್ನ ಸ್ಥಿತಿಯನ್ನು ಹೇಳಿದೆ. ನಮ್ಮ ಕಡೆ ತೆಲುಗರಿಗೆ ಇಂಟಿಪೇರು, ಅಂದರೆ ಮನೆಯ ಹೆಸರು, ಮುಂದೆ ಬರುತ್ತದೆ. ಇಂಗ್ಲಿಷರಿಗೆ ಹಿಂದೆ ಬರುತ್ತದೆ. ಕನ್ನಡದ ನಮ್ಮಂಥವರಿಗೆ ಎಲ್ಲಿಯೂ ಬರುವುದಿಲ್ಲ. ನನ್ನನ್ನು ಶಾಲೆಗೆ ಸೇರಿಸುವಾಗ ‘ಇಂಟಿಪೇರು ಏಮಿ?’ ಎಂದು ಅಲ್ಲಿಯ ಅಯ್ಯನವರು ಗದರಿದ್ದಕ್ಕೆ ನಮ್ಮಪ್ಪ ಹೆದರಿ, ಬಾಯಿಗೆ ಬಂದ ಒಂದು ಊರಿನ ಹೆಸರು ಹೇಳಿ ಬಂದಿದ್ದರು. ಆ ಊರನ್ನು ನಾನು ಇಂದಿನವರೆಗೂ ನೋಡಿಲ್ಲ. ಅದನ್ನೇ ಹೊತ್ತು ತಿರುಗುತ್ತಿದ್ದೇನೆ. ಸಣ್ಣ ಮಾಸ್ತರರಿಗೆ ಇದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಮದ್ರಾಸಿನ ಕಚೇರಿಯಿಂದ ಒಂದು ಅಚ್ಚಿನ ಕಾಗದ ಬಂದಿತು: ತಾತ, ಮುತ್ತಾತಂದಿರ ವಿವರ ಮತ್ತು ಸಿಕ್ಕಿದಷ್ಟು ದಾಖಲೆ ಕಳುಹಿಸುವುದು. ತಾತ ಇದ್ದದ್ದು ಕಲ್ಯಾಣದುರ್ಗದಲ್ಲಿ. ಅಲ್ಲಿ ಒಬ್ಬ ಸೋದರತ್ತೆ ಇನ್ನೂ ಬದುಕಿದ್ದಾಳೆಂದು ಸಣ್ಣ ಮಾಸ್ತರರು ಹೊಸದಾಗಿ ನೆನಪು ಮಾಡಿಕೊಂಡಂತೆ ಹೇಳಿದರು. ಅವರ ತಂದೆ ಗುಂತಕಲ್ಲಿಗೆ ಹೋಗಿ ಟೋಪಿ ಹಾಕಿಕೊಂಡ ಮೇಲೆ ಸೀರೆಯುಡುವ ತಂಗಿಯ ಮನೆಗೆ ಕಾಲಿಟ್ಟಿರಲಿಲ್ಲ. ಮಗನೂ ಆ ಪದ್ಧತಿಯನ್ನು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದ.

ಒಂದು ರಜೆಯ ದಿನ ಇಬ್ಬರೂ ಬಸ್ಸು ಹತ್ತಿದೆವು. ಮಡಕಶಿರ ದಾಟಿ, ಪಾವಗಡದಲ್ಲಿ ಮೈಸೂರು ಸೀಮೆಗೆ ಹೊಕ್ಕು, ಅಲ್ಲಿ ಟೀ ಕುಡಿದು, ಮತ್ತೆ ಮದ್ರಾಸು ಸೀಮೆಗೆ ಬಿದ್ದು ಕಲ್ಯಾಣದುರ್ಗ ಮುಟ್ಟುವಷ್ಟರಲ್ಲಿ ಮೈಯೆಲ್ಲ ಕೆಂಧೂಳು. ಈ ಸ್ಥಿತಿಯಲ್ಲಿ ಯಾರು ಇಂಗ್ಲಿಷ್, ಯಾರು ಅಲ್ಲ ಎಂದು ಯಾವ ಕಚೇರಿಯೂ ಹೇಳಲಾರದೆಂದು ನಾನು ತಮಾಷೆ ಮಾಡಿದೆ. ಅವರು ಬೂಟು ಒರೆಸಿಕೊಳ್ಳುತ್ತಿದ್ದರು.

ಗುಡ್ಡದ ಬುಡದಲ್ಲಿ ಎರಡು ಅಂಕಣದ ಮನೆ. ಅತ್ತೆ ಬಾಗಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ. ಮಿಷನ್ ಶಾಲೆಯ ಉಪಾಧ್ಯಾಯರೊಬ್ಬರ ವಿಧವೆ. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಶಿಲುಬೆ.

“ಯಾರಪ್ಪಾ ಅದು, ಟೋಪಿ ಇಕ್ಕಂಡು?”

“ನಾನು ಕಣತ್ತೆ. ನಿಮ್ಮಣ್ಣನ ಮಗ, ಗುಂತಕಲ್ಲೋನು.”

“ಓಹೋ. ನಮ್ಮಣ್ಣ ಸತ್ತಾಗ ಹೇಳಿ ಕಳಿಸಿದ್ನಲ್ಲ, ಅವ್ನೇನಾ?” ಎಂದು ತಲೆಯೆತ್ತಿ ನೋಡಿ, “ಅಲ್ಲ ಬುಡು, ಯಾರೂ ಹೇಳಿ ಕಳಿಸ್ಲಿಲ್ಲ. ಕೂತ್ಕ ನಾಯನಾ. ಇವ್ರು ಯಾರು, ಅಮೀನರಾ?” ಎಂದರು.

ನಾನು ಅಮೀನನಲ್ಲವೆಂದು ಖಚಿತವಾದ ಮೇಲೆ ನನಗೂ ಒಂದು ಹಿಡಿ ಕಡಲೆಕಾಯಿ ಸಿಕ್ಕಿತು. ಬಂದ ಕಾರಣ ಹೇಳಿದೆವು. ಮುದುಕಿಯ ಮುಖ ಅರಳಿತು. ತಮ್ಮಪ್ಪನ ವಿಷಯ ಕೇಳಲು ಸರ್ಕಾರಕ್ಕೆ ಈಗಲಾದರೂ ಬುದ್ಧಿ ಬಂತಲ್ಲ ಎನ್ನುತ್ತಾ ಒಳಗೆ ಹೋಗಿ, ತಗಡಿನ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಛಾಪಾ ಕಾಗದ ತಂದು ನನ್ನ ಕೈಗಿಟ್ಟರು.

ತೆಲುಗಿನಲ್ಲಿತ್ತು. ಗಟ್ಟಿಯಾಗಿ ಓದಿದೆ. ಆ ಸರ್ವೇ ದೊರೆ ಬರೆಸಿದ್ದ ಇಲ್ಲಟದ ಪತ್ರ ಅದು. ಗಂಡು ಸಂತಾನವಿಲ್ಲದ ಮನೆಗೆ ಅಳಿಯನನ್ನು ತಂದಿಟ್ಟುಕೊಂಡು ಮಗನ ಹಕ್ಕು ಕೊಡುವುದು ನಮ್ಮ ಕಡೆಯ ರೆಡ್ಡಿಗಳಲ್ಲಿ ಹಿಂದಿನಿಂದ ಇರುವ ಪದ್ಧತಿ. ಅದಕ್ಕೆ ಇಲ್ಲಟ ಎನ್ನುತ್ತಾರೆ, ಕನ್ನಡದವರು ಮನೆಯಳಿಯತನವೆನ್ನುತ್ತೇವೆ. ಇಲ್ಲಿಯ ಹೆಂಗಸೊಬ್ಬಳ ಜೊತೆ ಸಂಸಾರ ಹೂಡಿ, ಬೆಳುಗುಪ್ಪದ ದಾರಿಯಲ್ಲಿ ಹೊಲ ಕೊಂಡು ನೆಲೆಸಿದ್ದ ಆ ಇಂಗ್ಲಿಷನಿಗೆ ಇದ್ದವಳು ಒಬ್ಬಳೇ ಮಗಳು. ಹೊಲ ನೋಡಿಕೊಳ್ಳುವವರು ಬೇಕು. ಸುತ್ತಲಿನ ರೆಡ್ಡಿಗಳು ದಾರಿ ತೋರಿಸಿದ್ದಾರೆ. ಅವನು ಹಾಗೆಯೇ ಮಾಡಿದ್ದಾನೆ. ‘ನಿನಗೆ ನನ್ನ ಮಗಳನ್ನು ಕೊಟ್ಟು ನನ್ನ ಮನೆಗೆ ಇಲ್ಲಟಕ್ಕೆ ತಂದುಕೊಂಡಿರುತ್ತೇನೆ. ನನ್ನ ಇಂಟಿಪೇರು ನಿನಗೂ ನಿನ್ನ ಸಂತತಿಗೂ ಸಲ್ಲತಕ್ಕದ್ದು. ನೀನು ನಾನು ಹಡೆದ ಮಗನಿಗೆ ಸಮಾನ.’ ಕೆಳಗೆ ಇಂಗ್ಲಿಷಿನಲ್ಲಿ ಬಳ್ಳಿ ಬಳ್ಳಿಯಾಗಿ ಒಂದು ಸಹಿ: ಫುಲ್ಲರ್.

ಸಣ್ಣ ಮಾಸ್ತರರ ಕೈಯಲ್ಲಿದ್ದ ಕಡಲೆಕಾಯಿ ಕೈಯಲ್ಲೇ ಉಳಿಯಿತು.

“ಅಂದ್ರೆ… ನಮ್ಮ ತಾತ ಆ ದೊರೆ ಮಗ ಅಲ್ವಾ?”

“ಮಗ ಅಲ್ಲ ಕಣ್ಲಾ, ಅಳಿಯ. ಮಗನಿಗಿಂತ ಮಿಗಿಲು. ಮಗ ಅನ್ನೋನು ಹುಟ್ಬುಡ್ತಾನೆ, ಏನ್ ಮಾಡಕ್ಕಾಯ್ತದೆ? ನಮ್ಮಪ್ಪನ್ನ ಆರಿಸಿ ತಂದಿದ್ರು.”

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಎಷ್ಟು ಸಂತೋಷದಿಂದಿದ್ದೆನೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಇಂಗ್ಲಿಷನೊಬ್ಬ ರೆಡ್ಡಿಗಳ ಪದ್ಧತಿಗೆ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದಾನೆ! ಇಲ್ಲಟದ ಅಳಿಯನ ಆಸ್ತಿಯ ಹಕ್ಕನ್ನು ಇಲ್ಲಿಯ ಕೋರ್ಟುಗಳೇ ಒಪ್ಪುತ್ತವೆ. ಮದ್ರಾಸಿನವರು ಹೇಗೆ ಅಲ್ಲವೆನ್ನುತ್ತಾರೆ? ಗಂಡು ಸಾಲೆಂದರೆ ಇದಕ್ಕಿಂತ ಗಟ್ಟಿಯಾದ ಗಂಡು ಸಾಲು ಇನ್ನೊಂದುಂಟೆ? ಸುಮ್ಮನೆ ಹುಟ್ಟಿದ್ದಲ್ಲ, ಛಾಪಾ ಕಾಗದದ ಮೇಲೆ ಸಾಕ್ಷಿಗಳ ಸಮೇತ ಸ್ಥಾಪಿಸಿದ್ದು. ಮನವಿಯ ಮೊದಲ ವಾಕ್ಯ ಪಾವಗಡದಲ್ಲಿ ಹೊಳೆಯಿತು. ಮಡಕಶಿರದ ಹೊತ್ತಿಗೆ ಎರಡನೆಯ ಪುಟದಲ್ಲಿದ್ದೆ. ಪಕ್ಕದಲ್ಲಿ ಕೂತವರು ದಾರಿಯುದ್ದಕ್ಕೂ ಒಂದೇ ಮಾತು ಕೇಳಿದರು: “ಮೇಷ್ಟ್ರೇ, ಅದನ್ನ ಸೇರಿಸ್ಲೇಬೇಕಾ?”

ಅದೇ ಮಾತನ್ನು ಮರುದಿನ ದೊರೆಸಾನಿ ನೇರವಾಗಿ ಹೇಳಿದರು. ಧರ್ಮಾವರದ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಹೆಂಗಸು. ನಮ್ಮ ಭಾಷೆ ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು, ವ್ಯವಹಾರ ನಮಗಿಂತ ಚೆನ್ನಾಗಿ.

“ಫುಲ್ಲರ್ ಮಗ ಫುಲ್ಲರ್, ಅವನ ಮಗ ಫುಲ್ಲರ್. ಅಷ್ಟು ಬರೀರಿ ಮೇಷ್ಟ್ರೇ, ಸಾಕು. ನಮ್ಮಕ್ಕನ ಗಂಡ ಅಷ್ಟೇ ಬರ್ದಿದ್ದು. ಯಾರೂ ಹಿಂದಕ್ಕೋಗಿ ನೋಡ್ಲಿಲ್ಲ.”

“ಅಮ್ಮಾ, ಮಗ ಎಂದು ಬರೆದರೆ ಸುಳ್ಳಾಗುತ್ತದೆ. ಅಲ್ಲದೆ ಮದ್ರಾಸಿನ ಕಚೇರಿಯಲ್ಲಿರುವವರು ದಡ್ಡರಲ್ಲ.”

“ದಡ್ಡರಲ್ಲ ಅಂತಾನೇ ನಾನು ಹೇಳೋದು.”

“ಈ ಪತ್ರ ಓದಿದರೆ ಅವರಿಗೆ ತಾನಾಗಿಯೇ ಮನವರಿಕೆಯಾಗುತ್ತದೆ.”

“ಆಯ್ತದೆ. ಅದೇ ನಂಗೆ ಭಯ.”

ನಾನು ಸುಳ್ಳಿಗೆ ಹೆದರಿ ಹಾಗೆ ಮಾಡಿದೆನೆಂದು ಆಮೇಲೆ ಬಹಳ ದಿನ ನನಗೇ ಹೇಳಿಕೊಂಡೆ. ಅದು ನಿಜವಲ್ಲ. ಆ ಪತ್ರ ಅಷ್ಟು ಚೆನ್ನಾಗಿತ್ತು. ಅಂಥದ್ದು ಕೈಗೆ ಸಿಕ್ಕಿರುವಾಗ ಮೂರು ಸಾಲು ಬರೆದು ಸುಮ್ಮನಾಗಲು ನನ್ನ ಕೈ ಒಪ್ಪಲಿಲ್ಲ. ಮಗ ಎಂದೂ ಬರೆಯದೆ, ಅಳಿಯ ಎಂದೂ ಬರೆಯದೆ ಹೆಸರುಗಳನ್ನಷ್ಟೇ ಒಂದರ ಕೆಳಗೊಂದು ಬರೆದಿದ್ದರೂ ನಡೆಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ. ನಾನು ಐದು ಪುಟ ಬರೆದೆ. ಇಲ್ಲಟದ ಪದ್ಧತಿ, ಅದರ ಪ್ರಾಚೀನತೆ, ಮಗನಿಗೂ ಇಲ್ಲಟದ ಅಳಿಯನಿಗೂ ಈ ಸೀಮೆಯಲ್ಲಿ ಭೇದವೆಣಿಸುವುದಿಲ್ಲವೆಂಬ ವಾದ, ಪತ್ರದ ಇಂಗ್ಲಿಷ್ ಅನುವಾದ. ಸಣ್ಣ ಮಾಸ್ತರರು ಓದಲಿಲ್ಲ. ಹತ್ತು ವರ್ಷದಿಂದ ನನ್ನ ಪಕ್ಕದಲ್ಲಿ ಕೂತವರು. ಸಹಿ ಎಲ್ಲಿ ಹಾಕಬೇಕೆಂದು ಮಾತ್ರ ಕೇಳಿ ಹಾಕಿದರು.

ಉತ್ತರ ಬರಲು ಕೆಲವು ತಿಂಗಳು ಹಿಡಿಯಿತು. ಅಷ್ಟರಲ್ಲಿ ದೊರೆಸಾನಿ ಇಬ್ಬರಿಗೂ ಉಣ್ಣೆಯ ಮೇಲಂಗಿ ಹೊಲಿಸಿದ್ದರು. ಹಿಂದೂಪುರದ ಬಿಸಿಲಲ್ಲಿ ಅವು ಗೋಡೆಯ ಗೂಟಕ್ಕೆ ನೇತುಬಿದ್ದಿರುತ್ತಿದ್ದವು, ಉರುಳು ಹಾಕಿಕೊಂಡವರಂತೆ.

ಒಂದು ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ ಸಣ್ಣ ಮಾಸ್ತರರು ಯೂನಿಫಾರ್ಮಿನಲ್ಲೇ ಬಂದು ಬೇವಿನ ಮರದ ಕೆಳಗೆ ನಿಂತಿದ್ದರು. ಹಿಂದೆಂದೂ ಶಾಲೆಗೆ ಬಂದವರಲ್ಲ.

“ಓದಿ ಮೇಷ್ಟ್ರೇ. ನಿಮ್ಮ ಇಂಗ್ಲಿಷನ್ನ ಅವ್ರು ಪೂರ್ತಿ ಓದವ್ರೆ.”

ಐದು ಪುಟಕ್ಕೆ ಅರ್ಧ ಪುಟದ ಉತ್ತರ. ಅರ್ಜಿದಾರರೇ ತಮ್ಮ ಮನವಿಯ ಇಂತಿಂಥ ಪ್ಯಾರಾಗಳಲ್ಲಿ ವಿಶದವಾಗಿ ತಿಳಿಸಿರುವಂತೆ ಅವರ ತಾತ ಸದರಿ ಫುಲ್ಲರ್ ಎಂಬಾತನ ಮಗನಲ್ಲ, ಮಗಳ ಗಂಡ, ಆದಕಾರಣ ಗಂಡು ಸಾಲಿನ ಸಂತತಿ ಸಾಬೀತಾಗಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ. ವಿಶದವಾಗಿ! ನನ್ನ ಬರವಣಿಗೆಗೆ ಜೀವಮಾನದಲ್ಲಿ ಸಿಕ್ಕ ಒಂದೇ ಒಂದು ಪ್ರಶಂಸೆ ಅದು.

ನಾನು ಏನೋ ಹೇಳಲು ಬಾಯಿ ತೆರೆದೆ. ಅವರೇ ಮೊದಲು ಹೇಳಿದರು: “ನಿಮ್ದೇನೂ ತಪ್ಪಿಲ್ಲ ಬುಡಿ. ನಮ್ಮತ್ತೇನೂ ಅಳಿಯ ಅಂದ್ರೆ ಮಗನೇ ಅಂದ್ಕಂಡಿದ್ಲು, ನೀವೂ ಹಂಗೇ ಅಂದ್ಕಂಡ್ರಿ. ಈ ಕಡೆ ಯಾರನ್ನ ಕೇಳಿದ್ರೂ ಹಂಗೇ ಅಂತಿದ್ರು.” ಅವರು ಬೈದಿದ್ದರೆ ಒಂದು ಹೊತ್ತಿನ ಊಟವಾದರೂ ಸೇರುತ್ತಿತ್ತು. ದೊರೆಸಾನಿ ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ಅದು ನ್ಯಾಯವಾಗಿತ್ತು.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದಂತೆ ನನಗೆ ಇನ್ನೊಂದು ಯೋಚನೆ ಬಂದಿತು. ಆ ಅಳಿಯ ತಾನೇ ಯಾರ ಮಗ? ಬಳ್ಳಾರಿ ದಂಡಿನಲ್ಲಿ ಸೋಲ್ಜರುಗಳ ಮಕ್ಕಳು ಬೇಕಾದಷ್ಟು ಮಂದಿ ಇದ್ದರು. ಸರ್ವೇ ದೊರೆ ಮಗಳಿಗೆ ಅಂಥವರಲ್ಲೇ ಒಬ್ಬನನ್ನು ಹುಡುಕಿದ್ದರೆ? ಅವನ ಅಪ್ಪನೇ ಇಂಗ್ಲೆಂಡಿನಲ್ಲಿ ಹುಟ್ಟಿದವನಾಗಿದ್ದರೆ ಗಂಡು ಸಾಲು ಬೇರೊಂದು ಹೆಸರಿನಲ್ಲಿ ಎದ್ದು ನಿಲ್ಲುತ್ತದೆ. ಹೆಸರು ಯಾವುದಾದರೇನು, ಹಡಗು ಅದೇ. ಸಣ್ಣ ಮಾಸ್ತರರು, “ಇನ್ನೊಂದು ಕಿತ ಹೋಗಿ ಬರಣ” ಎಂದರು. ದೊರೆಸಾನಿಯ ಹಡಗಿಗೆ ಆಗ ಮೂರು ವಾರವಿತ್ತು. ಸೀಟನ್ನು ಅಕ್ಕಂದಿರೇ ಗೊತ್ತು ಮಾಡಿದ್ದರು.

ಅದೇ ಬಸ್ಸು, ಅದೇ ಧೂಳು. ನಾನು ತಮಾಷೆ ಮಾಡಲಿಲ್ಲ.

ಅತ್ತೆ ಈ ಸಲ ನಮ್ಮನ್ನು ಕಂಡ ಕೂಡಲೇ ಮುದ್ದೆಗೆ ಎಸರಿಟ್ಟರು. ಅಣ್ಣನ ಮಗ ಎರಡು ಸಲ ಬಂದನೆಂದರೆ ಇನ್ನು ಬರುತ್ತಲೇ ಇರುತ್ತಾನೆಂದು ಅವರ ಲೆಕ್ಕ. ಊಟವಾಗುವವರೆಗೆ ನಾನು ಕಾದು, ಆಮೇಲೆ ಕೇಳಿದೆ.

“ನಿಮ್ಮ ತಂದೆ ಇಲ್ಲಟಕ್ಕೆ ಬರುವ ಮುಂಚೆ ಯಾರ ಮನೆಯವರಮ್ಮ? ಬಳ್ಳಾರಿ ದಂಡಿನವರೇ?”

“ಬಳ್ಳಾರೀನಾ? ಅಯ್ಯೋ ನಾಯನಾ, ನಮ್ಮಪ್ಪ ಬಳ್ಳಾರಿ ಕಂಡೋನೇ ಅಲ್ಲ. ಕಂಬದೂರು ಕಡೆಯೋನು. ಕುರಿ ಮಡಗಿದ್ರು, ಕಂಬಳಿ ನೇಯ್ತಿದ್ರು. ದೊರೆ ಮನೇಗೆ ಕಂಬಳಿ ಮಾರಕ್ಕೆ ಬಂದೋನು, ಮಳೆ ಹಿಡ್ಕಂತು ಅಂತ ಎರಡು ದಿನ ಉಳ್ಕಂಡ. ದೊರೆ ಮಾತಾಡಿಸಿ ನೋಡ್ದ. ಒಳ್ಳೇನು ಅನ್ನಿಸ್ತು. ಅಷ್ಟೇ.”

ಸಣ್ಣ ಮಾಸ್ತರರು ಕೇಳಿದರು: “ಆ ಮನೆ ಹೆಸ್ರೇನತ್ತೆ? ನಮ್ಮ ತಾತನ ಅಪ್ಪನ ಹೆಸ್ರು?”

“ಅದು ಗೊತ್ತಿಲ್ಲ ಕಣಪ್ಪ.”

“ನಿಮ್ಮಪ್ಪನ ಅಪ್ಪನ ಹೆಸ್ರು ಗೊತ್ತಿಲ್ವಾ?”

“ಎತ್ತಬಾರ್‍ದು ಅಂತ ಮಾತಾಗಿತ್ತಂತೆ. ಜಾತಿ ಬುಟ್ಟು ಬಂದೋನು. ಆ ಮನೆಯೋರು ಇವ್ನ ಹೆಸ್ರು ಎತ್ತಾಂಗಿಲ್ಲ, ಇವ್ನು ಆ ಮನೆ ಹೆಸ್ರು ಎತ್ತಾಂಗಿಲ್ಲ. ನಮ್ಮಪ್ಪ ಸಾಯಾಗಂಟ ಎತ್ಲಿಲ್ಲ. ಮಾತಿನ ಮನುಷ್ಯ.” ಮುದುಕಿ ಊಟದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರು. “ಕಂಬಳಿ ಕೆಲ್ಸ ಮಾತ್ರ ಬುಡ್ಲಿಲ್ಲ. ಮಗ್ಗದಿಂದ ಇಳಿಸಿದ್ದನ್ನ ಹೊಲದ ಹೊಂಡಕ್ಕೆ ಹಾಕಿ ತುಳೀತಿದ್ದ. ಮುದುಕ ಆದ್ಮ್ಯಾಕೂ ತುಳೀತಿದ್ದ. ನಾವು ನಗ್ತಿದ್ವಿ.”

ನಾನು ತಡೆಯಲಾರದೆ ಹೇಳಿಬಿಟ್ಟೆ: “ಸಾರ್, ನೋಡಿದಿರಾ, ಇಂಗ್ಲೆಂಡಿನಲ್ಲಿ ಎಷ್ಟೋ ತಲೆಮಾರಿನಿಂದ ಯಾವ ಫುಲ್ಲರೂ ಬಟ್ಟೆ ತುಳಿದಿರಲಾರ. ಆ ಹೆಸರಿಗೆ ತಕ್ಕ ಕೆಲಸ ಮಾಡಿದವರು ನಿಮ್ಮ ತಾತ ಒಬ್ಬರೇ! ಮೇಲ್ಮನವಿಯಲ್ಲಿ ಇದನ್ನು—”

“ಮೇಷ್ಟ್ರೇ,” ಎಂದರು ಅವರು, “ಸುಮ್ಕಿರಿ.”

ಹತ್ತು ವರ್ಷದಲ್ಲಿ ಅವರು ನನಗೆ ಹಾಗೆ ಹೇಳಿದ್ದು ಅದೇ ಮೊದಲು. ಮಿತಿಮೀರಿದ ನನ್ನ ಬುದ್ಧಿಗೆ ಅಷ್ಟು ಸಣ್ಣ ಮಾತಿನ ಮದ್ದು ಸಾಕಿತ್ತು. ಅದು ಕೆಲವು ತಿಂಗಳು ತಡವಾಗಿ ಸಿಕ್ಕಿತು.

ಹೊರಡುವಾಗ ಅತ್ತೆ ಬಾಗಿಲಿಗೆ ಬಂದರು. “ಇಲ್ಲೇ ಬಂದಿರು ಕಣ್ಲಾ, ನೌಕರಿ ಮುಗುದ್ಮೇಲೆ. ಬೆಳುಗುಪ್ಪದ ದಾರೀಲಿ ಆ ಹೊಲನ ಇವತ್ತೂ ಪುಲ್ಲರೋರ ಹೊಲ ಅಂತ್ಲೇ ಅಂತಾರೆ. ಮಾರಿ ಎಷ್ಟೋ ಕಾಲ ಆಯ್ತು. ಆದ್ರೂ ಅಂಗೇ ಅಂತಾರೆ.” ಅವರು ಹೂಂ ಎಂದರು. ಬಸ್ಸಿನಲ್ಲಿ ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಅದರ ಒಳಗೆ ಶಾಯಿಯಲ್ಲಿ ಬರೆದಿದ್ದ ತಮ್ಮ ಹೆಸರನ್ನು ಯಾರದೋ ಹೆಸರೆಂಬಂತೆ ನೋಡುತ್ತಾ ಬಂದರು.

ಮೇಲ್ಮನವಿ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ದೊರೆಸಾನಿ ತಾನೂ ಹೋಗುವುದಿಲ್ಲವೆಂದು ನಾಲ್ಕು ದಿನ ಹಟ ಹಿಡಿದರಂತೆ. ಐದನೆಯ ದಿನ ತಾಯಿಗೆ ಮಾತು ನಿಂತುಹೋಗಿದೆಯೆಂದು ತಂತಿ ಬಂದಿತು. ‘ನೀನು ಮೊದ್ಲು ಹೋಗು, ನನ್ನ ಕಾಗದ ಸರಿಯಾದ ಮೇಲೆ ಬತ್ತೀನಿ’ ಎಂದು ಗಂಡ ಹೇಳಿದರು. ಇಬ್ಬರಿಗೂ ಗೊತ್ತಿದ್ದ ಸುಳ್ಳು. ಅದನ್ನು ಅವರು ಮೂರೇ ಸಾಲಿನಲ್ಲಿ, ನನ್ನ ಸಹಾಯವಿಲ್ಲದೆ ಮುಗಿಸಿಕೊಂಡರು.

ಗುಂತಕಲ್ಲಿಗೆ ಹೋಗಿ ಅಲ್ಲಿಂದ ಬೊಂಬಾಯಿ ಮೇಲ್ ಹಿಡಿಯಬೇಕು. ಮಧ್ಯಾಹ್ನದ ಗಾಡಿ. ದೊಡ್ಡ ಮಾಸ್ತರರು ಸಣ್ಣ ಮಾಸ್ತರರಿಗೆ, “ಇವತ್ತು ನೀವು ಡ್ಯೂಟಿ ಬಿಡ್ರೀ, ಗುಂತಕಲ್ಲಿನ ತನಕ ಹೋಗಿ ಬನ್ನಿ” ಎಂದು ಎರಡು ಸಲ ಹೇಳಿದರು. ಅವರು ಕೇಳಲಿಲ್ಲ. ಒಂಟಿ ಹಳಿಯ ದಾರಿ ನಮ್ಮದು. ಮುಂದಿನ ಸ್ಟೇಷನ್ನಿನವರೆಗೆ ಹಳಿ ಖಾಲಿಯಿದೆಯೆಂದು ಯಂತ್ರದಿಂದ ತೆಗೆದ ಟೋಕನ್ನನ್ನು ಬೆತ್ತದ ಬಳೆಯಲ್ಲಿಟ್ಟು ಡ್ರೈವರಿನ ಕೈಗೆ ಕೊಡದಿದ್ದರೆ ಯಾವ ಗಾಡಿಯೂ ಹೊರಡುವಂತಿಲ್ಲ. ಅದನ್ನು ಕೊಡುವ ಕೆಲಸ ಸಣ್ಣ ಮಾಸ್ತರರದು. ಹೆಂಡತಿಯ ಪೆಟ್ಟಿಗೆಗಳನ್ನು ಏರಿಸಿ, ಆಕೆಯ ಮೇಲಂಗಿಯನ್ನು ಕಿಟಕಿಯ ಗೂಟಕ್ಕೆ ತೂಗುಹಾಕಿ, ಕೈಹಿಡಿದು ಅದೇನೋ ಇಂಗ್ಲಿಷಿನಲ್ಲಿ ಹೇಳಿ, ಒಳಗೆ ಹೋದರು. ಟೋಕನ್ ಯಂತ್ರದ ಗಂಟೆಯ ಸದ್ದು ಕೇಳಿಸಿತು. ಬಳೆ ಹಿಡಿದು ಹೊರಗೆ ಬಂದವರು ಎಂಜಿನ್ನಿನವರೆಗೂ ನಡೆದರು. ಕೊಟ್ಟರು.

ನಾನು ದೂರದಲ್ಲಿ ನಿಂತಿದ್ದೆ. ದೊರೆಸಾನಿ ಕಿಟಕಿಯಿಂದ ಕೈಮಾಡಿ ಕರೆದರು. ಓಡಿದೆ.

“ಮೇಷ್ಟ್ರೇ, ಅವ್ರಿಗೆ ಇನ್ಮೇಲೆ ಅರ್ಜಿ ಗಿರ್ಜಿ ಏನೂ ಬರ್ದುಕೊಡಬ್ಯಾಡಿ.”

“ಇಲ್ಲಮ್ಮ.”

“ಊಟ ಆಯ್ತಾ ಅಂತ ಕೇಳಿ. ದಿನಾ ಕೇಳಿ. ಅಷ್ಟು ಮಾಡಿ, ಸಾಕು.”

ಗಾಡಿ ಹೊರಟಿತು. ಸಣ್ಣ ಮಾಸ್ತರರು ಹಸಿರು ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹಿಂದಕ್ಕೆ ನಡೆದು ಬಂದರು. ನಾನು ಬೆಂಚಿನ ಹತ್ತಿರ ಅಡ್ಡ ನಿಂತು ಕೇಳಿದೆ.

“ಊಟ ಆಯ್ತಾ ಸಾರ್?”

ನನ್ನನ್ನು ನೋಡಿದರು. “ಗಾಡಿ ಬಿಟ್ಟಿದ್ದು ಮುಂದಿನ ಸ್ಟೇಷನ್ನಿಗೆ ಹೇಳ್ಬೇಕು ಮೇಷ್ಟ್ರೇ. ಹೇಳ್ಬುಟ್ಟು ಬತ್ತೀನಿ, ಕೂತಿರಿ” ಎಂದು ಒಳಗೆ ಹೋದರು.

ಅದಕ್ಕೆ ಒಂದು ನಿಮಿಷ ಸಾಕು. ನಾನು ಕೂತೆ. ಗೂಡ್ಸ್ ಒಂದು ಬಂದು ಹೋಯಿತು. ಅದಕ್ಕೆ ಬಳೆ ಕೊಡಲು ದೊಡ್ಡ ಮಾಸ್ತರರೇ ಓಡಿ ಬಂದರು. ಹುಣಸೆಯ ಮೂಟೆ ಹೊರುವವರು ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡರು. ಒಳಗಿನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು, ಅದರ ಹಿಂದೆ ಅವರ ಬೂಟುಗಳು ಅತ್ತಿಂದಿತ್ತ ನಡೆಯುವುದು ಕೇಳಿಸುತ್ತಿತ್ತು. ನಾನು ಎದ್ದು ಹೋಗಿ ತಟ್ಟಲಿಲ್ಲ. ತಟ್ಟಿದರೆ ಏನಾದರೂ ಹೇಳಬೇಕಾಗುತ್ತಿತ್ತು.